ದೊಡ್ಡಪ್ಪನ ಹೊಗೆಸೊಪ್ಪು

ಸದಾಶಿವಗಡದ ನಮ್ಮ ಬಾಡಿಗೆ ಮನೆಯ ಕೆಳಗೊಂದು ಬೀಡದ ಅಂಗಡಿಯಿದೆ. ಬೆಳಿಗ್ಗೆ ಅಂಗಡಿಯವನು ಹೊಗೆಸೊಪ್ಪಿನ ಕಟ್ಟು ಬಿಚ್ಚಿದರೆ ಅದರ ಘಾಟು ಮೆಟ್ಟಿಲು ಹತ್ತಿ ಬರುತ್ತದೆ. ನಾನು ಎಲೆ ಅಡಿಕೆ ಹಾಕುವವಳಲ್ಲ. ಆದರೂ ಕೈಯ ಕೆಲಸ ನಿಲ್ಲುತ್ತದೆ, ಅಂಕೋಲೆಯ ಪಕ್ಕದ ನಮ್ಮ ಹಿತ್ತಲು ನೆನಪಾಗುತ್ತದೆ. ಆ ಹಿತ್ತಲು ಈಗ ಹೆದ್ದಾರಿಯ ಅಡಿಯಲ್ಲಿದೆ. ಲಾರಿ ಓಡುವ ಜಾಗದಲ್ಲಿ ಒಂದು ಕಾಲಕ್ಕೆ ಅಲಸಂದೆ ಚಪ್ಪರವಿತ್ತು ಎಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ನಿಮ್ಮ ಮಕ್ಕಳೂ ನಿಮ್ಮ ಎಷ್ಟೋ ಮಾತು ನಂಬಲಿಕ್ಕಿಲ್ಲ.

ಹಿತ್ತಲ ಯಜಮಾನಿಕೆ ದೊಡ್ಡಾಯಿಯದು, ಅಂದರೆ ಅಪ್ಪನ ಅತ್ತಿಗೆಯದು. ಪೇಟೆಯ ಔಷಧಿ ಆ ಬೇಲಿ ದಾಟಿದ್ದಿಲ್ಲ. ಹುಳದ ಮದ್ದು ಅವಳೇ ಮಾಡುತ್ತಿದ್ದಳು. ಆ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ದೊಡ್ಡಪ್ಪ ಅಲಸಂದೆ ಬಿತ್ತಿ, ಅದು ಎರಡೆಲೆ ಬಿಡುವಷ್ಟರಲ್ಲಿ ತೀರಿಕೊಂಡರು. ಅವರ ತಗಡಿನ ಡಬ್ಬಿಯಲ್ಲಿ ಅರ್ಧ ಕಟ್ಟು ಹೊಗೆಸೊಪ್ಪು ಉಳಿದಿತ್ತು. ದೊಡ್ಡಾಯಿ ದಿನಾ ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿಡುತ್ತಿದ್ದಳು. ಅತ್ತು ಕರೆಯುವುದು ನಮ್ಮ ಮನೆಗೆ ಒಗ್ಗಿದ್ದಲ್ಲ.

ಬಳ್ಳಿ ಹೂ ಬಿಡುವ ಹೊತ್ತಿಗೆ ಕುಡಿಗೆಲ್ಲ ಕರಿಹೇನು ಮುತ್ತಿತು. ದೊಡ್ಡಾಯಿ ಇಬ್ಬನಿ ಆರುವ ಮೊದಲೇ ಒಲೆಯ ಬೂದಿ ಎರಚಿದಳು. ಹುಳಿ ಮಜ್ಜಿಗೆ ಚಿಮುಕಿಸಿದಳು. ಅದು ಹೇನಿಗೆ ಸತ್ಕಾರ ಮಾಡಿದಂತಾಯಿತು. ಬೆಳ್ಳುಳ್ಳಿ, ಗಾಂಧಾರಿ ಮೆಣಸು ಅರೆದು ಹೊಡೆದಾಗ ನಮ್ಮ ಕಣ್ಣು ಉರಿಯಿತೇ ಹೊರತು ಹೇನು ಜಗ್ಗಲಿಲ್ಲ. ದೊಡ್ಡಪ್ಪನ ಕೈಯ ಕೊನೆಯ ಬೆಳೆ ದಿನೇ ದಿನೇ ಮುರುಟುತ್ತಿತ್ತು.

"ಅಕ್ಕಾ, ಹೊಗೆಸೊಪ್ಪಿನ ನೀರಿಲ್ದೆ ಇದು ಹೋಗುದಲ್ಲ. ನಾಳೆ ಪ್ಯಾಟಿಂದ ತರ್ಸ್ತೆ," ಅಂದಳು ನಮ್ಮನ್ನು ಹೆತ್ತ ಆಯಿ.

"ಬ್ಯಾಡ," ಅಂದಳು ದೊಡ್ಡಾಯಿ. "ಡಬ್ಬಿಲಿ ಇದ್ರೂ ವಾಸ್ನೆ ಕಮ್ಮಿ ಆಗ್ತೇ ಅದೆ. ಅವ್ರು ಬಿತ್ತಿದ ಬಳ್ಳಿಗಾದ್ರೂ ಹೋಗ್ಲಿ."

ಡಬ್ಬಿಯನ್ನು ಪೂರ್ತಿ ಮಡಕೆಗೆ ಸುರಿದು ನೆನೆಹಾಕಿದಳು. ಮರುದಿನ ಅಂಗಳದ ಒಲೆಯಲ್ಲಿ ಕುದಿಸಿ, ಹಳೆಯ ಪಂಚೆಯಲ್ಲಿ ಸೋಸಿ, ಬಟ್ಟೆ ಸೋಪು ಕದಡಿ, ತೆಂಗಿನ ಕಡ್ಡಿಯ ಹಿಡಿಪೊರಕೆಯನ್ನು ಅದ್ದಿ ಅದ್ದಿ ಎಲೆಯ ಅಡಿಗೆಲ್ಲ ಚಿಮುಕಿಸಿದಳು. ಕೆಲವು ದಿನ ಯಾರೂ ಬಳ್ಳಿ ಮುಟ್ಟಕೂಡದೆಂದು ನಮಗೆಲ್ಲ ಕಟ್ಟಪ್ಪಣೆಯಾಯಿತು. ಆ ಸಂಜೆ ಇಡೀ ಹಿತ್ತಲು ದೊಡ್ಡಪ್ಪನ ಹಾಗೆ ನಾರುತ್ತಿತ್ತು. ದೊಡ್ಡಾಯಿ ಅಡುಗೆಗೂ ಏಳದೆ ಹಿತ್ತಲ ಬಾಗಿಲಲ್ಲಿ ಕೂತೇ ಇದ್ದಳು.

ಹೇನು ಉದುರಿತು, ಕಾಯಿ ಜೋತುಬಿತ್ತು. ಹೊಸ ಬೆಳೆಯನ್ನು ಹಿರಿಯರಿಗೆ ಎಡೆ ಇಡದೆ ನಮ್ಮಲ್ಲಿ ಯಾರೂ ತಿನ್ನುತ್ತಿರಲಿಲ್ಲ. ದೊಡ್ಡಾಯಿ ಬಾಳೆಲೆಯಲ್ಲಿ ಅನ್ನ, ಅಲಸಂದೆ ಪಲ್ಯ, ಪಕ್ಕದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟಳು. ಹಿರಿಯರು ಬಂದು ಉಣ್ಣಲೆಂದು ನಾವೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಬೇಕು, ಅದು ಪದ್ಧತಿ. ಅವಳು ಮಾತ್ರ ಒಂದು ಗಳಿಗೆ ಹಿಂದುಳಿದಳು.

"ಹೊಗೆಸೊಪ್ಪು ಇಲ್ಲ," ಅಂದದ್ದು ಕೇಳಿಸಿತು. "ಇಂದ್ ಹಂಗೇ ಉಣ್ಣಿ."