ತಲೆ ಬಗ್ಗಿಸಬೇಡ ಎನ್ನುವ ಪ್ಯಾಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಚಟ್ ಚಟ್ ಸದ್ದು. ಎರಡೂ ಕೈಗೆ ದಪ್ಪ ಪ್ಯಾಡ್ ಕಟ್ಟಿಕೊಂಡ ನಡುವಯಸ್ಸಿನ ಹೆಂಗಸೊಬ್ಬರು ಹಿಂದೆ ಹಿಂದೆ ಸರಿಯುತ್ತಾರೆ. ಎದುರಿನ ಹುಡುಗಿ ಪ್ಯಾಡಿಗೆ ಗುದ್ದುತ್ತಾ ಬರುತ್ತಾಳೆ. ಹುಡುಗಿ ತಲೆ ಬಗ್ಗಿಸಿದ್ದೇ ತಡ, ಹೆಂಗಸಿನ ಮೊಣಕಾಲು ಮೇಲೆದ್ದು ಅವಳ ಮೂಗಿನ ಮುಂದೆ ಬೆರಳಗಲದಲ್ಲಿ ನಿಲ್ಲುತ್ತದೆ.

"ಸತ್ತೆ ನೀನು," ಎನ್ನುತ್ತಾರೆ. ನಗುವುದಿಲ್ಲ.

ಎಲ್ಲರ ಬಾಯಲ್ಲೂ ಇವರು ಪ್ಯಾಡಕ್ಕ. ಒಂದು ಕಾಲದ ಬಾಕ್ಸರ್. ಈಗ ಗುದ್ದು, ಒದೆತ, ಕುಸ್ತಿ ಎಲ್ಲವೂ ನಡೆಯುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಂದ್ಯಗಳಿಗೆ ಹೋಗುವವರಿಗೆ ಗುದ್ದು ಕಲಿಸುತ್ತಾರೆ. ಪೋಸ್ಟರುಗಳಲ್ಲಿ ಇವರ ಹೆಸರಿರುವುದಿಲ್ಲ. ವರ್ಷಗಟ್ಟಲೆ ಪೆಟ್ಟು ಹಿಡಿದು ಭುಜ ಸವೆದಿದೆ. ಕೈ ತಲೆಯ ಮೇಲಕ್ಕೆ ಏಳುವುದಿಲ್ಲ. ಇವರ ಕೂದಲು ಬಾಚುವವಳು ತಂಗಿ.

ಆ ತಂಗಿಯೇ ಮೊದಲ ಶಿಷ್ಯೆ. ಏಳು ವರ್ಷದ ಹಿಂದೆ ತಂತಿಬಲೆಯ ಪಂಜರಕ್ಕೆ ಇಳಿದಾಗ ಮೊದಲ ಸುತ್ತು ಅವಳದೇ. ಎಡಗೈಯ ನೇರ ಗುದ್ದಿಗೆ ಎದುರಾಳಿ ಹತ್ತಿರ ಸುಳಿಯಲಾಗಲಿಲ್ಲ. ಎರಡನೆಯ ಸುತ್ತಿನಲ್ಲಿ ಎದುರಾಳಿ ಬಲಗೈ ಬೀಸಿದಳು. ತಂಗಿ, ಅಕ್ಕ ಕಲಿಸಿದಂತೆ, ಸೊಂಟ ಬಗ್ಗಿಸಿ ಅದರಡಿ ನುಸುಳಿದಳು. ಬಾಕ್ಸಿಂಗಿನಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಮೊಣಕಾಲು ಬಂತು. ಬಲಗಣ್ಣಿನ ಸುತ್ತಲ ಮೂಳೆ ಪುಡಿಯಾಯಿತು. ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ.

"ನಾನ್ ಕಲಿಸಿದ್ದನ್ನ ಒಂಚೂರೂ ತಪ್ಪಿಲ್ದೆ ಮಾಡಿದ್ಲು ನೋಡಿ. ತಪ್ಪಿದ್ದಿದ್ದು ನನ್ ಪಾಠದಲ್ಲೇ," ಎನ್ನುತ್ತಾರೆ ಪ್ಯಾಡಕ್ಕ.

ಆಮೇಲೆ ಅವರು ಪ್ಯಾಡ್ ಮುಟ್ಟಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾ ವರ್ಷ ಕಳೆದರು. ಕೊನೆಗೆ ತಂಗಿಯೇ ಬೈದು ಎಬ್ಬಿಸಿದಳು: "ನೀನು ಹೀಗೆ ಮೂಲೆ ಹಿಡಿದ್ರೆ ನನ್ ಕಣ್ಣು ಬರುತ್ತೇನೇ ಅಕ್ಕಾ? ನೀನ್ ಬಿಟ್ರೆ ಇನ್ಯಾರೋ ಇದೇ ಪಾಠ ಹೇಳ್ಕೊಡ್ತಾರೆ. ಇನ್ನೊಬ್ಬಳು ಕಣ್ಣು ಕಳ್ಕೋತಾಳೆ. ಏಳು!"

ಪ್ಯಾಡಕ್ಕ ತಮ್ಮ ವಿದ್ಯೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದರು. ನೇರ ಗುದ್ದು ಉಳಿಯಿತು. ಎದುರಾಳಿಯನ್ನು ದೂರ ಇಡುವುದಕ್ಕೆ ಅದಕ್ಕಿಂತ ಮಿಗಿಲಿಲ್ಲ. ಸೊಂಟ ಬಗ್ಗಿಸುವುದು ಹೋಯಿತು. ಒದೆ ಬೀಳುವ, ಮುಂದಿಟ್ಟ ಕಾಲಿನ ಮೇಲೆ ಭಾರ ಬಿಡುವುದೂ ಹೋಯಿತು. ಗುದ್ದಿದವಳು ಪಕ್ಕಕ್ಕೆ ಜಾರಬೇಕು, ಇಲ್ಲದಿದ್ದರೆ ಕಾಲು ಹಿಡಿದು ಕೆಡವುತ್ತಾರೆ.

"ಬರೀ ಮುಷ್ಟಿ ನಂಬೋದು ಅಂದ್ರೆ ಈಜು ಬಾರದೋನು ದೋಣಿ ನಂಬಿದ ಹಾಗೆ," ಎನ್ನುತ್ತಾರೆ. "ಮುಷ್ಟಿನೇ ಇಲ್ಲ ಅಂದ್ರೆ ದೋಣಿನೂ ಇಲ್ಲ."

ಶನಿವಾರ ಶೆಡ್ಡಿನ ಆ ಹುಡುಗಿಯ ಪಂದ್ಯ. ಪ್ಯಾಡಕ್ಕನ ಬಗ್ಗೆ ಬರೆಯಲು ಬಂದ ನಾನೂ ಹೋಗುತ್ತೇನೆ. ಕೊನೆಯ ಸುತ್ತಿನಲ್ಲಿ ಅವಳು ದಣಿಯುತ್ತಾಳೆ, ತಲೆ ಇಳಿಯುತ್ತದೆ. "ತಲೆ ಎತ್ತೇ!" ಎಂದು ತಂಗಿ ಪಂಜರದ ಬದಿಯಿಂದ ಕಿರುಚುತ್ತಾಳೆ. ಹುಡುಗಿ ತಲೆ ಎತ್ತುತ್ತಾಳೆ, ಎದುರಾಳಿಯ ಮೊಣಕಾಲು ಗಾಳಿಯನ್ನಷ್ಟೇ ಸೀಳುತ್ತದೆ.

ತೀರ್ಪು ಎದುರಾಳಿಯ ಪರ. ಬಿಕ್ಕುತ್ತಾ ಇಳಿದು ಬಂದ ಹುಡುಗಿಯ ಒಂದೊಂದೇ ಕಣ್ಣು ಮುಚ್ಚಿಸಿ ಪ್ಯಾಡಕ್ಕ ಬೆರಳು ತೋರಿಸುತ್ತಾರೆ.

"ಎಷ್ಟು?"

"ಎರಡು."

"ಈ ಕಣ್ಣಲ್ಲಿ?"

"ಎರಡೇ ಅಕ್ಕಾ. ಆದ್ರೆ ಸೋತುಬಿಟ್ನಲ್ಲ..."

"ಸೋಲು ಮಾಸುತ್ತೆ, ಬಿಡು." ಅವಳ ಮುಖ ಒರೆಸಿ ನನ್ನತ್ತ ತಿರುಗುತ್ತಾರೆ. "ಹೇಗೆ ಕರ್ಕೊಂಡ್ ಬಂದ್ನೋ ಹಾಗೇ ಇವಳಮ್ಮನ ಕೈಗೆ ಒಪ್ಪಿಸ್ತೀನಿ. ನಂಗಷ್ಟು ಸಾಕು."