ಚಾವಡಿಯಲ್ಲಿ ನನ್ನನ್ನೂ ಕೇಳಿದರು

ಹತ್ತನೆಯ ತರಗತಿಯವರೆಗೂ ನನಗೆ ವಿಪರೀತ ಜಂಬವಿತ್ತು. ಬಂಟ್ವಾಳದಾಚೆ ನಾವಿದ್ದ ಗುತ್ತಿನ ಮನೆ ಊರಿಗೇ ದೊಡ್ಡದು, ಅದಕ್ಕೆ ಅಪ್ಪನೇ ಯಜಮಾನರು, ಹಾಗಾಗಿ ಅದು ನಮ್ಮದು ಎಂಬ ಜಂಬ. ಶಾಲೆಯ ಗೆಳತಿಯರನ್ನು ಕರೆತಂದು ಕಂಬಗಳನ್ನು ತಬ್ಬಿ ತೋರಿಸುತ್ತಿದ್ದೆ. ಒಂದು ದಿನ ಅತ್ತೆಯ ಮಗ, ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಅವರ ಎದುರೇ ಹೇಳಿಬಿಟ್ಟ: "ನಿಂದೆಂಥದ್ದು ಮಾರಾಯ್ತಿ? ಈ ಮನೆ ನಮ್ಮದು. ನಿನ್ನ ಮನೆ ಮೂಡಬಿದಿರೆ ಹತ್ತಿರ ಎಲ್ಲಿಯೋ ಉಂಟಂತೆ. ಅಲ್ಲಿಗೆ ಹೋಗಿ ಜಂಬ ಮಾಡು."

ಅವನ ತಲೆಗೆ ಕುಟ್ಟಲು ಓಡಿದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮದು ಅಳಿಯ ಸಂತಾನದ ಕುಟುಂಬ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಪ್ಪನ ನಂತರ ಆ ಗುತ್ತು ಅವರ ಅಕ್ಕತಂಗಿಯರ ಮಕ್ಕಳದ್ದು. ಈ ಸಂಗತಿ ನಮ್ಮ ಕಡೆಯ ಎಳೆಯ ಮಕ್ಕಳಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ನಾನು ನನಗೆ ಬೇಕಾದಷ್ಟೇ ನಂಬಿಕೊಂಡಿದ್ದೆ.

ಹಾಗಾದರೆ ನನ್ನ ಮನೆ ಯಾವುದು? ಅಮ್ಮನನ್ನು ಕೇಳಿದರೆ, "ಉಂಟು, ಬೀಗ ಹಾಕಿ ಉಂಟು" ಎಂದಷ್ಟೇ ಹೇಳಿ ಬಟ್ಟೆ ಮಡಚಲು ಹೋಗುತ್ತಿದ್ದಳು. ಅಮ್ಮನ ಕುಟುಂಬದ ಎರಡು ಕವಲುಗಳ ನಡುವೆ ಪಾಲಿನ ವ್ಯಾಜ್ಯ ನಡೆದು, ನಾನು ಹುಟ್ಟುವ ಮೊದಲೇ ಮನೆಗೆ ಬೀಗ ಬಿದ್ದಿತ್ತು. ಅಜ್ಜಿ ಮೂಡಬಿದಿರೆ ಪೇಟೆಯಲ್ಲಿ ದೊಡ್ಡಮ್ಮನ ತಾರಸಿ ಮನೆಯಲ್ಲಿದ್ದರು. ಅಮ್ಮ ಗುತ್ತಿನಲ್ಲಿ ಅತ್ತೆಯಂದಿರ ನಡುವೆ ಇದ್ದಳು. ಅವರು ಕೆಟ್ಟವರಲ್ಲ. ಆದರೆ ಇಂದು ಎಷ್ಟು ಅಕ್ಕಿ ಹಾಕಬೇಕೆಂದು ಹೇಳುವವರು ಅವರೇ. ಅಮ್ಮ ಯಾವುದಕ್ಕೂ ಬೇಡ ಎಂದದ್ದನ್ನು ನಾನು ಕಂಡಿರಲಿಲ್ಲ. ನನಗೆ ಅದನ್ನು ನೋಡಿಯೇ ಮೈ ಉರಿಯುತ್ತಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ವ್ಯಾಜ್ಯ ರಾಜಿಯಾಯಿತು. ಇನ್ನೊಂದು ಕವಲಿಗೆ ಗದ್ದೆ ತೋಟ, ನಮ್ಮ ಕವಲಿಗೆ ಮನೆ ಮತ್ತು ಅದರ ಹಿತ್ತಿಲು. ಅಜ್ಜಿಯ ತಮ್ಮ, ನಾನು ಅಜ್ಜ ಎಂದೇ ಕರೆಯುವ ನಮ್ಮ ಕುಟುಂಬದ ಯಜಮಾನರು, ಎಲ್ಲರೂ ಬರಬೇಕೆಂದು ಹೇಳಿ ಕಳುಹಿಸಿದರು. ಯಾಕೆಂದು ನಾನು ಕೇಳಲೇ ಇಲ್ಲ. ನನ್ನ ಮನೆ! ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ದಾರಿಯಲ್ಲಿ ಕಂಡ ಪ್ರತಿಯೊಂದು ಹಂಚಿನ ಮಾಡನ್ನೂ ತೋರಿಸಿ, "ಇದಕ್ಕಿಂತ ದೊಡ್ಡದಾ? ಇದಕ್ಕಿಂತ?" ಎಂದು ಅಮ್ಮನ ಪ್ರಾಣ ತಿಂದೆ. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕುಳಿತಿದ್ದಳು.

ದೊಡ್ಡದೇ! ಬಸ್ಸಿಳಿದು ಹತ್ತಿದ ಆಟೋ ನಿಲ್ಲುವ ಮೊದಲೇ ಹಾರಿದೆ. ಬೀಗ ಆಗಲೇ ತೆಗೆದಿತ್ತು. ಅಜ್ಜಿ, ದೊಡ್ಡಮ್ಮ, ಅಜ್ಜ ಜಗಲಿಯಲ್ಲಿದ್ದರು. ಕಾಲು ಮುಟ್ಟಿ ನಮಸ್ಕರಿಸುವ ಶಾಸ್ತ್ರ ಮುಗಿಸಿ ಒಳಗೆ ನುಗ್ಗಿದೆ. ಚಾವಡಿಯಲ್ಲಿ ಹಲಸಿನ ಮರದ ಕಂಬಗಳು, ಅವುಗಳ ತಲೆಯಲ್ಲಿ ಹೂಬಳ್ಳಿ, ಗಿಳಿ, ಒಂದು ಕಡೆ ಸೊಂಡಿಲು ಮುರಿದ ಆನೆ. ತಲೆಯ ಮೇಲೆ ಮರದ ಮುಚ್ಚಿಗೆ. ನಡುವೆ ಆಕಾಶ ಕಾಣುವ ಅಂಗಳ, ಅದರ ಸುತ್ತ ಕೋಣೆಗಳು. ಭತ್ತ ತುಂಬಿಡುವ ಪತ್ತಾಯದ ಒಳಗೆ ಇಳಿದು ಕೂಗಿದರೆ ನನ್ನ ಸ್ವರವೇ ನನಗೆ ಹೆದರಿಕೆ ಹುಟ್ಟಿಸಿತು. ಬಾವಲಿ ಹಿಕ್ಕೆ, ಗೆದ್ದಲು, ಒಡೆದ ಹಂಚು, ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಅತ್ತೆಯ ಮಗನನ್ನು ಕುತ್ತಿಗೆ ಹಿಡಿದು ಇಲ್ಲಿಗೆ ಎಳೆತರಬೇಕೆನಿಸಿತು.

ಉಪ್ಪರಿಗೆಯ ಏಣಿಗೆ ಕಾಲಿಟ್ಟಿದ್ದೆ. ಆಗ ಕೆಳಗೆ ಟಕ್ ಟಕ್ ಸದ್ದು ಕೇಳಿತು. ಅಪರಿಚಿತರೊಬ್ಬರು ಅಂಗಳದ ಬದಿಯ ಕಂಬಗಳನ್ನು ಬೆರಳ ಗಂಟಿನಿಂದ ಬಡಿದು, ಕಿವಿ ಕೊಟ್ಟು, ಹಿಂದೆ ಸರಿದು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಹುಡುಗಿ ನೋಡಲು ಬಂದವರ ಹಾಗೆ. "ಒಳ್ಳೆ ಸಾಮಾನು ಉಂಟು. ಬಿಚ್ಚುವಾಗ ಜಾಗ್ರತೆ ಮಾಡಿದರೆ ಆಯಿತು" ಎಂದರು.

ಮಂಗಳೂರಿನ ಮರದ ವ್ಯಾಪಾರಿ. ಆ ವರ್ಷಗಳಲ್ಲಿ ನಮ್ಮ ಕಡೆ ಹಳೆಯ ಮನೆಗಳನ್ನು ಬಿಚ್ಚಿ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಮಾರುವ ಗಾಳಿ ಜೋರಾಗಿತ್ತು. ಎಲ್ಲೋ ಹೋಟೆಲಿನ ಮುಂಭಾಗಕ್ಕೆ ಅವು ಬೇಕಂತೆ. ನಮ್ಮನ್ನು ಕರೆಸಿದ್ದೂ ಅದಕ್ಕೇ. ನನ್ನ ಮನೆ ನನಗೆ ಸಿಕ್ಕಿದ ದಿನವೇ ಕೈಬಿಡುವುದರಲ್ಲಿತ್ತು! ಅಮ್ಮನ ಕಡೆ ತಿರುಗಿದೆ. ಆಕೆಗೆ ಬಸ್ಸು ಹತ್ತುವ ಮೊದಲೇ ವಿಷಯ ಗೊತ್ತಿತ್ತೆಂದು ಮುಖ ನೋಡಿದಾಗಲೇ ತಿಳಿಯಿತು. ಆಕೆ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಒಳಗೆ ಹೋಗಬಹುದಾದ ಮನೆ ಭೂಮಿಯ ಮೇಲೆ ಇದೊಂದೇ ಇತ್ತು. ಇದೂ ಹೋಗುವುದಿತ್ತು.

ಅಜ್ಜ ವ್ಯಾಪಾರಿಯನ್ನು ಹೊರಗೆ ಜಗಲಿಯಲ್ಲಿ ಕೂರಿಸಿ, ನಮ್ಮನ್ನು ಚಾವಡಿಗೆ ಕರೆದರು. ಮನೆಯ ದೊಡ್ಡ ವಿಚಾರ ಇದ್ದರೆ ದೈವದ ಕೋಣೆಯ ಎದುರು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು, ಹಿರಿಯರಿಂದ ಮೊದಲುಗೊಂಡು. ನಮ್ಮ ಕುಟುಂಬದ ಕ್ರಮ ಅದು. ಯಜಮಾನ ಗಂಡಸಾದರೂ ಮನೆ ಮುಂದುವರಿಯುವುದು ಹೆಂಗಸರಿಂದಲ್ಲವೇ? ಇನ್ನೊಂದು ವಿಶೇಷ, ಹಾಗೆ ಕೇಳುವಾಗ ಯಾರನ್ನೂ ಏಕವಚನದಲ್ಲಿ ಕೇಳುವ ಹಾಗಿಲ್ಲ.

"ನೀವು ಎಂಥ ಹೇಳ್ತೀರಿ?" ಎಂದು ಅಜ್ಜ ಅಜ್ಜಿಯನ್ನು ಕೇಳಿದರು.

"ನನಗೆ ಇನ್ನೆಷ್ಟು ದಿನ? ನೀನು ನೋಡಿ ಮಾಡು ತಮ್ಮ" ಎಂದು ಅಜ್ಜಿ ಕಣ್ಣೊರೆಸಿಕೊಂಡರು.

ದೊಡ್ಡಮ್ಮ ಕಾದೇ ಕುಳಿತಿದ್ದರು. "ಕೊಡುವ ಮಾವ. ನನ್ನ ಮೂವರೂ ಗಂಡುಮಕ್ಕಳು, ಮೂವರೂ ಗಲ್ಫಿನಲ್ಲಿ. ಇಲ್ಲಿ ದೀಪ ಇಡುವವರು ಯಾರುಂಟು? ಗೆದ್ದಲು ತಿಂದು ಮುಗಿಸುವ ಮೊದಲು ಕೊಡುವ."

ಅಮ್ಮನ ಸರದಿ. ಈಗಲಾದರೂ ಬೇಡ ಎನ್ನು! ಅಮ್ಮ ನೆಲ ನೋಡುತ್ತಾ, "ನೀವು ಹೇಳಿದ ಹಾಗೆ ಮಾವ" ಎಂದಳು.

ಆ ಕ್ಷಣ ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಜ್ಜ ನಿಟ್ಟುಸಿರು ಬಿಟ್ಟು, ಮಂಡಿ ಹಿಡಿದುಕೊಂಡು ಏಳಲು ಹೊರಟರು.

"ಮಾವ," ಎಂದಳು ಅಮ್ಮ, ಇನ್ನೂ ನೆಲವನ್ನೇ ನೋಡುತ್ತಾ, "ಇನ್ನೊಬ್ಬರನ್ನು ಕೇಳಲಿಕ್ಕೆ ಉಂಟು."

ಎಲ್ಲರೂ ನನ್ನ ಕಡೆ ತಿರುಗಿದರು.

"ಅವಳಾ? ಅವಳಿಗೆಂಥ ಗೊತ್ತುಂಟು?" ಎಂದು ದೊಡ್ಡಮ್ಮ ನಕ್ಕರು.

"ನಗುವುದೆಂಥದ್ದು? ಅವಳು ದೊಡ್ಡವಳಾಗಿ ಆಯಿತಲ್ಲ. ಈ ಮನೆಯ ಹೆಣ್ಣೇ ಅವಳು. ಕೇಳದೆ ಬಿಟ್ಟರೆ ಕ್ರಮ ತಪ್ಪುತ್ತದೆ" ಎಂದರು ಅಜ್ಜಿ.

ಅಜ್ಜ ಮತ್ತೆ ಕುಳಿತರು. ಸ್ವಲ್ಪ ಹೊತ್ತಿನ ಮುಂಚೆ "ಹೇ ಹುಡುಗಿ, ಏಣಿ ಹತ್ತಬೇಡ" ಎಂದು ಗದರಿಸಿದ್ದ ಅದೇ ಅಜ್ಜ ಹೆಗಲ ಶಾಲು ಸರಿಮಾಡಿಕೊಂಡು, ನನ್ನ ಮುಖವನ್ನೇ ನೋಡಿ ಕೇಳಿದರು: "ನೀವು ಎಂಥ ಹೇಳ್ತೀರಿ?"

ಮಾತಿನ ಮಲ್ಲಿ ಎಂದು ಊರೆಲ್ಲ ಹೆಸರಾದ ನನಗೆ ಬಾಯಿಗೆ ಬಂದದ್ದು ಒಂದೇ ಮಾತು: "ಬೇಡ."

"ಬೇಡ ಅಂದರೆ?"

"ಕೊಡುವುದು ಬೇಡ ಅಜ್ಜ. ನನಗೆ ಬೇಕು. ಇಡೀ ಮನೆ ಬೇಕು." ಅಳು ಬರುತ್ತಿತ್ತು, ಅದರ ನಡುವೆಯೇ ಖುಷಿಯೂ ಉಕ್ಕುತ್ತಿತ್ತು. ಯಾಕೆಂದರೆ ಬೇಕು ಎಂದು ಹೇಳಲು ನನಗೆ ಅಧಿಕಾರವಿದ್ದ ಜಾಗ ಅದು.

"ಒಬ್ಬರು ಬೇಡ ಅಂದರೂ ಕೊಡುವ ಹಾಗಿಲ್ಲ," ಅಜ್ಜ ನಿಧಾನವಾಗಿ ಹೇಳಿದರು. "ಆದರೆ ಬೇಕು ಅಂದ ಮೇಲೆ ಮನೆಯಲ್ಲಿ ಜನ ಇರಬೇಕು. ಯಾರು ಇರ್ತೀರಿ?"

ಅಂಗಳಕ್ಕೆ ಬಿದ್ದ ಬಿಸಿಲನ್ನು ನೋಡುತ್ತಾ ನಿಂತೆ.

"ನಾನಿರ್ತೇನೆ," ಎಂದಳು ಅಮ್ಮ.

ದೊಡ್ಡಮ್ಮನ ನಗು ನಿಂತಿತು. "ಗಂಡನ ಮನೆ ಬಿಟ್ಟಾ? ನಿನ್ನವರು ಎಂಥ ಹೇಳಿಯಾರು?"

"ಅವರು ಬಂದು ಹೋಗಿ ಮಾಡಲಿ. ಹಿಂದಿನ ಕಾಲದಲ್ಲಿ ಹಾಗೇ ಇತ್ತಲ್ಲ? ಇವಳಿಗೆ ಕಾಲೇಜೂ ಇಲ್ಲಿಂದಲೇ ಹತ್ತಿರ." ಅಮ್ಮ ಈಗ ನೆಲ ನೋಡುತ್ತಿರಲಿಲ್ಲ. ಇದನ್ನೆಲ್ಲ ಆಕೆ ಆ ಗಳಿಗೆಯಲ್ಲಿ ಯೋಚಿಸಿದ್ದಲ್ಲ, ಎಷ್ಟೋ ವರ್ಷಗಳಿಂದ ಕೂಡಿಟ್ಟುಕೊಂಡಿದ್ದಳು ಎಂದು ನನಗೆ ಹೊಳೆಯಿತು. ತನಗೆ ಬೇಕು ಎಂದು ಹೇಳಲು ಬಾಯಿ ಬಾರದೆ ನನ್ನನ್ನು ಮುಂದೆ ಬಿಟ್ಟಿದ್ದಳು. ನನ್ನ ಬಾಯಿಯ ಮೇಲೆ ಆಕೆಗೆ ಅಷ್ಟು ಭರವಸೆ! ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಜ್ಜ ಸೊಂಟದಿಂದ ಬೀಗದ ಕೈ ತೆಗೆದು ಅಜ್ಜಿಗೆ ಕೊಟ್ಟರು. ಅಜ್ಜಿ ಅದನ್ನು ಅಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅಷ್ಟರಲ್ಲಿ ಹೊರಗೆ ಕಾದು ಕಾದು ಬೇಸತ್ತ ವ್ಯಾಪಾರಿ, "ಎಂಥ ಆಯಿತು? ಅಳತೆ ತೆಗೆಯುವಾ?" ಎನ್ನುತ್ತಾ ಟೇಪು ಹಿಡಿದುಕೊಂಡು ಚಾವಡಿಯ ಹೊಸ್ತಿಲು ದಾಟಿದರು.

"ಚಪ್ಪಲಿ!" ಎಂದು ಅಮ್ಮ ಕೂಗಿದಳು. ಮುಚ್ಚಿಗೆಯಲ್ಲಿದ್ದ ಬಾವಲಿಗಳು ಎದ್ದು ಹಾರಿದವು. ವ್ಯಾಪಾರಿ ನಿಂತಲ್ಲೇ ನಿಂತರು. "ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಇದು ಜನ ಇರುವ ಮನೆ."