ಧೂಳಮ್ಮನ ಗಂಟುಗಳು

ನಮ್ಮವ್ವ ಧೂಳಮ್ಮ ಬಸವಕಲ್ಯಾಣದ ಹೊರಗೆ ಕುರಿ ಕಾಯುತ್ತಾಳೆ. ನಾನು ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಮಾತ್ರೆಯ ಪಟ್ಟಿ ನೆಟ್ಟಗೆ ಮುಚ್ಚಿದೆಯೋ ಇಲ್ಲವೋ ನೋಡುತ್ತೇನೆ. ಯಾವ ಮಾತ್ರೆ ಯಾತಕ್ಕೆ ಎಂಬುದು ನನಗೆ ಗೊತ್ತಿಲ್ಲ. ಆದರೂ ಓಣಿಯವರು ಕೆಮ್ಮಿಗೂ ಕೀಲುನೋವಿಗೂ ನನ್ನನ್ನೇ ಕೇಳುತ್ತಾರೆ. ನಾನೂ ಗಂಭೀರವಾಗಿ ತಲೆಯಾಡಿಸಿ "ಬಿಸಿನೀರು ಕುಡೀರಿ" ಅನ್ನುತ್ತೇನೆ. ಇದುವರೆಗೆ ಯಾರೂ ಸತ್ತಿಲ್ಲ.

ಅವ್ವನ ವೈದ್ಯವೆಲ್ಲ ಗಂಟಿನಲ್ಲಿದೆ. ಕುರಿ ಈಯಲಿ, ಹೆಂಗಸು ಹೆರಲಿ, ಮನೆಯ ಹಗ್ಗ, ಕಂಬಳಿಯ ಗಂಟು, ಕಾಳಿನ ಚೀಲದ ಬಾಯಿ ಎಲ್ಲ ಬಿಚ್ಚಬೇಕು. ಹೊರಗೆಲ್ಲ ಕಟ್ಟಿಟ್ಟರೆ ಒಳಗಿನದು ಹ್ಯಾಂಗ ಬರ್ತದ ಅಂತ ಅವಳ ವಾದ. ನಾನು ಹುಟ್ಟುವಾಗ ನಮ್ಮಪ್ಪ ಅಮೋಘಸಿದ್ದಪ್ಪ ರುಮಾಲನ್ನೂ ಬಿಚ್ಚಿಟ್ಟು ಕೂತಿದ್ದನಂತೆ. "ಉಡದಾರ ಒಂದ್ ಬಿಚ್ಚೂದು ಮರ್ತಿದ್ದ, ಅದಕ್ಕ ನೀ ತಡಾ ಮಾಡಿದಿ. ಇವತ್ತಿಗೂ ತಡಾನೇ ಮಾಡ್ತಿ," ಅನ್ನುತ್ತಾಳೆ.

ನನ್ನ ಹೆಂಡತಿ ಸರಿತಾಳ ಮೊದಲ ಬಸಿರು ಐದನೇ ತಿಂಗಳಲ್ಲೇ, ನೋವೂ ಹೆಚ್ಚಿಲ್ಲದೆ, ಜಾರಿಹೋಗಿತ್ತು. ಎರಡನೇ ಸಲ ಹುಮನಾಬಾದಿನ ಹೆಣ್ಣು ಡಾಕ್ಟರು, ನಮ್ಮ ಕಡೆಯವರ ಬಾಯಲ್ಲಿ ಡಾಕ್ಟರ್ ಬಾಯಿ, ಸ್ಕ್ಯಾನ್ ನೋಡಿ, ಗರ್ಭಕೋಶದ ಬಾಯಿ ದಿನ ತುಂಬುವ ಮೊದಲೇ ಗಿಡ್ಡಾಗುತ್ತಿದೆ, ಹಿಂದಿನದೂ ಇದರಿಂದಲೇ ಹೋಗಿರಬಹುದು, ಹೊಲಿಗೆ ಹಾಕೋಣ ಎಂದರು. ಹಾಕಿದರು. ಭಾರ ಎತ್ತಬೇಡಿ, ಮನೆಯಲ್ಲಿ ಮೆಲ್ಲಗೆ ಓಡಾಡಿ, ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಇದ್ದ ಹಾಗೇ ಬನ್ನಿ, ಹೊಲಿಗೆಯಿದ್ದಾಗ ನೋವು ಜೋರಾದರೆ ಒಳಗೆ ಹರಿಯಬಹುದು ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಬಿಸಿನೀರಿನ ಮಾತು ಮಾತ್ರ ಎತ್ತಲಿಲ್ಲ.

ಸುದ್ದಿ ಕೇಳಿ ಅವ್ವ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟಳು.

"ಹೊಲಿಗಿ ಹಾಕ್ಯಾರ? ಬಸುರಿಗಿ? ನೀ ಎಲ್ಲಿದ್ದಿ?"

"ಹೊರಗ, ಕುರ್ಚಿ ಮ್ಯಾಲ ಕುಂತಿದ್ದೆ."

"ಕುರ್ಚಿ ಮ್ಯಾಲ," ಎಂದಳು, ತಪ್ಪೆಲ್ಲ ಆ ಕುರ್ಚಿಯದೇ ಎನ್ನುವ ಹಾಗೆ.

ಮುಂದಿನ ಸಲ ತಪಾಸಣೆಗೆ ತಾನೇ ಬಂದಳು. "ನಾವು ಕುರಿಮರಿಗಿ ಜೀರುಗಂಟು ಹಾಕ್ತೀವ್ರಿ, ತುದಿ ಜಗ್ಗಿದ್ರ ಬಿಡ್ತದ. ನಿಮ್ಮದು ಯಾವ ಗಂಟು?"

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟು ಯೋಚಿಸಿದರು. "ಜಗ್ಗಿದ್ರ ಬಿಡೂದಲ್ಲ, ಅಜ್ಜಿ. ಒಂಬತ್ತನೇ ತಿಂಗಳಾಗ ಬಿದ್ದ ಮ್ಯಾಲ ನಾವೇ ಕತ್ತರಿಸ್ತೀವಿ. ಅಲ್ಲೀತನ ಗಟ್ಟಿ ಇರಬೇಕು."

ಗಟ್ಟಿ ಎಂಬ ಮಾತು ಅವ್ವನಿಗೆ ಹಿಡಿಸಿತು, ಬೇಕಾದ್ದಕ್ಕಿಂತ ಹೆಚ್ಚೇ ಹಿಡಿಸಿತು. ಒಳಗೆ ಕಟ್ಟಿದ ಮೇಲೆ ಹೊರಗೆ ಸಡಿಲ ಬಿಟ್ಟರೆ ಹೇಗೆ? ಜೋಳದ ಚೀಲ, ನನ್ನ ಬುತ್ತಿ, ದೊಡ್ಡಿಯ ಬಲೆ, ಬಾಗಿಲ ಚಿಲಕ, ಎಲ್ಲಕ್ಕೂ ಗಂಟು ಬಿತ್ತು. ನನ್ನ ಪೈಜಾಮದ ಲಾಡಿಗೂ ಅವಳ ಕೈ ತಾಗಿತು. ಮುಂದಿನದು ಬರೆಯುವಂಥದ್ದಲ್ಲ.

ನನಗೋ ತಲೆಯೇ ಓಡದು. ಹುಟ್ಟಿದಂದಿನಿಂದ ಬಿಚ್ಚು ಎಂದವಳು ಈಗ ಕಟ್ಟು ಅನ್ನುತ್ತಾಳೆ. ಪಕ್ಕದ ಮನೆಯ ಸುಗಂಧಾ, ಕಾಲು ಮೇಲೆ ಮಾಡಿ ಮಲಗಿಸಿಬಿಡು ಅನ್ನುತ್ತಾಳೆ. ಡಾಕ್ಟರು ಓಡಾಡಲಿ ಎಂದಿದ್ದಾರೆ. ಸಂಜೆ ಮಂಚದ ಕಾಲಿಗೆ ಇಟ್ಟಿಗೆ ಇಡುತ್ತಿದ್ದೆ, ಬೆಳಿಗ್ಗೆ ತೆಗೆಯುತ್ತಿದ್ದೆ. "ಮಂಚಕ್ಕೂ ಫಿಕರ್ ಹತ್ಯಾದ, ಏರ್ಲೋ ಇಳೀಲೋ ಅಂತ," ಎಂದಳು ಸರಿತಾ. ಅವಳು ಸೀನಿದರೆ ಮನೆಯೆಲ್ಲ ಉಸಿರು ಹಿಡಿಯುತ್ತಿತ್ತು. ನಗುತ್ತಾಳಲ್ಲ ಎಂದು ನಾವು ಧೈರ್ಯ ತಂದುಕೊಂಡರೆ, ಅವಳು ಗೋಡೆಯ ಕಡೆ ಹೊರಳಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗು ಒದೆಯುವುದನ್ನೇ ಕಾಯುತ್ತಾ ಮಲಗಿರುತ್ತಿದ್ದಳು.

ಎಂಟನೇ ತಿಂಗಳಲ್ಲಿ ಆಸ್ಪತ್ರೆಗೆ ಹತ್ತಿರವಾಗಲೆಂದು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಒಂದು ಕೋಣೆ ಹಿಡಿದೆವು. ಅಪ್ಪ ಕುರಿಯೊಂದಿಗೆ ಕಲ್ಯಾಣದಲ್ಲೇ ಉಳಿದ. ಅವ್ವ ಬಂದಳು, ಗಂಟುಗಳೂ ಬಂದವು.

ಹೊಲಿಗೆ ಕತ್ತರಿಸುವ ದಿನ ಇನ್ನೂ ಮುಂದಿತ್ತು. ನನ್ನ ರಜೆಯ ದಿನ, ಮಧ್ಯಾಹ್ನ ರೊಟ್ಟಿ ತಿನ್ನುತ್ತಿದ್ದಾಗ ಸರಿತಾ ಸೊಂಟ ಹಿಡಿದಳು.

"ಅತ್ತಿ, ಹೊಟ್ಟಿ ಬಿಗಿಯಾಕತ್ತದ. ಬಿಟ್ಟು ಬಿಟ್ಟು ಬರಾಕತ್ತದ."

ಆಟೋದ ಶಂಶುದ್ದೀನನಿಗೆ ಫೋನು ಮಾಡಿದೆ. ಅವನು ಬಂದು ಬಾಗಿಲಲ್ಲಿ ನಿಂತಾಗ ಅವ್ವ ನೆಲದಲ್ಲಿ ಕೂತು ಗಂಟು ಬಿಚ್ಚುತ್ತಿದ್ದಳು. ನೋವು ಬಂದಿದೆ, ಇನ್ನು ಎಲ್ಲ ಸಡಿಲಾಗಬೇಕು. ಅವಳು ಚೀಲದಿಂದ ಚೀಲಕ್ಕೆ ಸರಿಯುತ್ತಿದ್ದಳು. ಇದ್ದ ಹಾಗೇ ಬನ್ನಿ ಎಂದು ಕೇಳಿಸಿಕೊಂಡವನು ನಾನು, ಅಕ್ಕಿಚೀಲದ ಗಂಟನ್ನು ಹಲ್ಲಿನಿಂದ ಕಡಿಯುತ್ತಿದ್ದೆ.

"ಅಮ್ಮಾ, ದವಾಖಾನಿಗಿ ಹೊಂಟೀರೋ, ಮನಿ ಖಾಲಿ ಮಾಡಾಕತ್ತೀರೋ?" ಎಂದ ಶಂಶುದ್ದೀನ್.

ಸರಿತಾ ಹೊಸ್ತಿಲಲ್ಲಿ ನಿಂತು ಗೋಡೆ ಹಿಡಿದಳು. "ಬಿಚ್ಚೂ ಗಂಟು ನನ್ನ ಒಳಗದ, ಅತ್ತಿ. ಅದು ನಿಮ್ಮ ಕೈಗೂ ಬರೂದಿಲ್ಲ, ಇವರ ಹಲ್ಲಿಗೂ ಬರೂದಿಲ್ಲ. ನಡೀರಿ."

ಅವ್ವ ಅರ್ಧ ಬಿಚ್ಚಿದ ಹಗ್ಗ ಅಲ್ಲೇ ಬಿಟ್ಟು ಎದ್ದಳು. ಆದರೆ ಆಟೋದಲ್ಲಿ ಸೊಸೆಯ ಬೆನ್ನು ಒತ್ತುತ್ತಾ, "ಪ್ರೇಮ್ಯಾ, ನಿಮ್ಮಪ್ಪಗ ಫೋನ್ ಹಚ್ಚು, ಕಲ್ಯಾಣದಾಗಿಂದೆಲ್ಲಾ ಬಿಚ್ಚಲಿ," ಎಂದಳು.

"ಎಲ್ಲಾ ಬಿಚ್ಚಿದ್ರ ಕುರಿ ಓಡಿ ಹೋಗ್ತಾವಲ್ಲ," ಎಂದ ಅಪ್ಪ.

ಅವ್ವ ಫೋನು ಕಸಿದುಕೊಂಡಳು. "ಹೋಗ್ಲಿ."

ಒಂದು ಮರಿ ತಪ್ಪಿದರೆ ಕತ್ತಲಾಗುವ ತನಕ ಹೊಲ ಹೊಲ ತಿರುಗುವವಳು ಹಾಗಂದಳು.

ಡಾಕ್ಟರ್ ಬಾಯಿ ಹೊಲಿಗೆ ಕತ್ತರಿಸಿದರು. ಹೊತ್ತು ಮುಳುಗುವ ಮೊದಲು ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಉಸಿರು ಛಲೋ ಅದ, ಸ್ವಲ್ಪ ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದರು. ಸರಿತಾ ಕಣ್ಣು ಮುಚ್ಚಿಕೊಂಡೇ "ಅಳ್ತೇನು?" ಎಂದು ಕೇಳಿದಳು. ಅತ್ತಿತ್ತು. ನಾನೂ.

ಮಗುವಿನ ಕಾಲಿಗೆ ನರ್ಸ್ ಹೆಸರಿನ ಪಟ್ಟಿ ಕಟ್ಟಿದಳು. ಅವ್ವ ಬಗ್ಗಿ ನೋಡಿ, ಇದು ಬಿಚ್ಚೂದೋ ಇರೂದೋ ಎಂದು ನನ್ನನ್ನು ಕೇಳಿದಳು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಅಷ್ಟರಲ್ಲಿ ಅಪ್ಪನ ಫೋನು. ಎಲ್ಲ ಬಿಚ್ಚಿದ್ದನಂತೆ. ಕುರಿ ಒಂದೂ ಓಡಿಲ್ಲ, ದೊಡ್ಡಿಯ ಬಲೆ ಬಿದ್ದಲ್ಲೇ ನಿಂತಿವೆಯಂತೆ. "ಕೂಸು ಬಂತಲ್ಲ, ಇನ್ನ ಕಟ್ಟಲೇನು?"

ಅವ್ವ ಪೆಟ್ಟಿಗೆಯ ಗಾಜಿನೊಳಗೆ ನೋಡಿದಳು, ಮಂಚದ ಮೇಲಿನ ಸರಿತಾಳನ್ನು ನೋಡಿದಳು.

"ತಡಿ, ಕೇಳಿ ಹೇಳ್ತೀನಿ," ಎಂದು ಫೋನು ಹಿಡಿದುಕೊಂಡೇ ಡಾಕ್ಟರ್ ಬಾಯಿಯನ್ನು ಹುಡುಕಿಕೊಂಡು ಹೋದಳು.